14 ಮಕ್ಕಳು, 3 ಬೆಳಗ್ಗೆ: ಹಿಂದಿನ ರಾತ್ರಿಯೇ ಮಾಡಿಡುವ ತಿಂಡಿ

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಗ ಹೈಸ್ಕೂಲಿನ ಯಕ್ಷಗಾನ ತಂಡದಲ್ಲಿದ್ದಾನೆ. ಶಾಲೆಗಳ ಕಲಾ ಸ್ಪರ್ಧೆಯಾದ ಉಪಜಿಲ್ಲಾ ಕಲೋತ್ಸವಕ್ಕೆ ಮುಂಚೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗ್ಗಿನವರೆಗೆ ತಂಡದವರೆಲ್ಲ ನಮ್ಮಲ್ಲೇ ಉಳಿದು ಅಭ್ಯಾಸ ಮಾಡುತ್ತಾರೆ. ಒಟ್ಟು 14 ಮಕ್ಕಳು, 13ರಿಂದ 16 ವರ್ಷದವರು. ಐದು ಮಂದಿ ಹುಡುಗಿಯರು. ಬೆಳಗ್ಗೆ 7ಕ್ಕೆ ಅಭ್ಯಾಸ ಶುರು. ಅಡುಗೆಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಎರಡು ಬರ್ನರಿನ ಗ್ಯಾಸ್ ಇದೆ, ಹೊರಗೆ ಸೌದೆ ಒಲೆ ಇದೆ. ಹಿಂದಿನ ರಾತ್ರಿಯೇ ಮಾಡಿಟ್ಟು ಬೆಳಗ್ಗೆ ಬಡಿಸುವಂಥ, ಹೊಟ್ಟೆ ತುಂಬುವ ತಿಂಡಿ ಯಾವುದು? ಉಪ್ಪಿಟ್ಟು ಬೇಡ ಅಂತ ಮಗ ಈಗಲೇ ಹೇಳಿಬಿಟ್ಟಿದ್ದಾನೆ. ಬ್ರೆಡ್ಡು ಜಾಮು ಕೊಡಲು ನನಗೆ ಮನಸ್ಸಿಲ್ಲ.

ಉತ್ತರ: ಉಪ್ಪಿಟ್ಟಿನ ವಿಷಯದಲ್ಲಿ ನಾನು ನಿಮ್ಮ ಮಗನ ಪಕ್ಷ. ನಾಲ್ಕು ಮಂದಿಗೆ ಮಾಡಿದ ಉಪ್ಪಿಟ್ಟು ಚೆನ್ನಾಗಿರುತ್ತದೆ. 14 ಮಂದಿಗೆ ಮಾಡಿದ್ದು ಕೊನೆಯವನ ಎಲೆಗೆ ಬರುವಾಗ ಗಟ್ಟಿ ಮುದ್ದೆಯಾಗಿರುತ್ತದೆ. ರಾತ್ರಿ ಮಾಡಿಟ್ಟರಂತೂ ಕೇಳುವುದೇ ಬೇಡ.

ಯಾವ ತಿಂಡಿ ಅಂತ ಯೋಚಿಸುವ ಮೊದಲು ಒಂದು ಲೆಕ್ಕ ಹಾಕಿ. ಒಲೆಯಿಂದ ಒಂದು ಸಲಕ್ಕೆ ಎಷ್ಟು ಇಳಿಯುತ್ತದೆ? ನೀರುದೋಸೆ ಎಲ್ಲರಿಗೂ ಇಷ್ಟ, ಹಿಟ್ಟು ಕಡೆದಿಡುವುದೂ (ರುಬ್ಬಿಡುವುದೂ) ಸುಲಭ. ಆದರೆ ಈ ಪ್ರಾಯದ ಮಕ್ಕಳು ಕಡಿಮೆಯೆಂದರೂ ಆರಾರು ತಿನ್ನುತ್ತಾರೆ. 14 ಮಂದಿಗೆ 84 ದೋಸೆ. ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೂ ಒಂದು ಕಾವಲಿಯಲ್ಲಿ ಎರಡು ಗಂಟೆ ದಾಟುತ್ತದೆ. ಎರಡು ಕಾವಲಿ ಇಟ್ಟರೆ ಚಟ್ನಿಗೆ, ಚಾಕ್ಕೆ ಒಲೆ ಇಲ್ಲ. ಅಕ್ಕಿಹಿಟ್ಟನ್ನು ಕೊಳವೆಯಲ್ಲಿ ತುಂಬಿ ಹಬೆಗಿಡುವ ಪುಟ್ಟಿನ ಕತೆಯೂ ಅದೇ. ಒಂದು ಕೊಳವೆಯಿಂದ ಒಂದೊಂದೇ ಇಳಿಸುತ್ತಾ ಕೂತರೆ ಮೊದಲನೆಯವನು ಎರಡನೇ ಸಲಕ್ಕೆ ಕೇಳುವಾಗ ಕೊನೆಯವನಿಗೆ ಮೊದಲನೆಯದೇ ಬಂದಿರುವುದಿಲ್ಲ. ಪೂರಿಯನ್ನು ಆಸೆಗೂ ಯೋಚಿಸಬೇಡಿ.

ಹಾಗಾಗಿ ನಿಮಗೆ ಬೇಕಾದದ್ದು ಹಬೆಯಲ್ಲಿ ಬೇಯುವ ತಿಂಡಿ. ದೊಡ್ಡ ಅಟ್ಟಿನಳಗೆಯಲ್ಲಿ (ಹಬೆ ಪಾತ್ರೆಯಲ್ಲಿ) ಒಂದು ಸಲಕ್ಕೆ 25-30 ಪುಂಡಿ, ಅಂದರೆ ಅಕ್ಕಿತರಿಯ ಉಂಡೆ ಕಡುಬು, ಹಿಡಿಸುತ್ತದೆ. ಇನ್ನೂ ಮುಖ್ಯ ಅಂದರೆ, ಹಬೆಯಲ್ಲಿ ಬೆಂದ ಅಕ್ಕಿ ತಿಂಡಿಯನ್ನು ಮರುದಿನ ಮತ್ತೆ ಹಬೆಗಿಟ್ಟರೆ ಹೆಚ್ಚುಕಡಿಮೆ ಹೊಸದರ ಹಾಗೇ ಆಗುತ್ತದೆ. ಬೆಂದ ಅಕ್ಕಿಯ ಪಿಷ್ಟ ತಣ್ಣಗಾಗುತ್ತಾ ಬಿಗಿದುಕೊಳ್ಳುತ್ತದೆ. ಫ್ರಿಜ್ಜಿನಲ್ಲಿಟ್ಟ ಇಡ್ಲಿ ಕಲ್ಲಿನಂತಾಗುವುದು ಅದಕ್ಕೇ. ಮತ್ತೆ ಬಿಸಿ ಹಬೆ ಸಿಕ್ಕಿದರೆ ಆ ಬಿಗಿ ಸಡಿಲುತ್ತದೆ. ಕಾವಲಿಯಲ್ಲಿ ಸುಟ್ಟ ದೋಸೆಗೆ ಈ ಭಾಗ್ಯ ಇಲ್ಲ.

ಇನ್ನು ಹೊಟ್ಟೆ ತುಂಬುವ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 2860 ಕ್ಯಾಲೊರಿ ಬೇಕು, ಹುಡುಗಿಗೆ 2400. 16 ದಾಟಿದ ಹುಡುಗನಿಗೆ 3300ರ ಮೇಲೆ. ಪ್ರೋಟೀನು 13-15ರ ವಯಸ್ಸಿಗೆ ದಿನಕ್ಕೆ 45 ಗ್ರಾಂ ಹತ್ತಿರ ಬೇಕು. ದಿನವಿಡೀ ಕುಣಿಯುವ ಮಕ್ಕಳಿಗೆ ಬೆಳಗ್ಗೆಯೇ ಮೂರರಲ್ಲಿ ಒಂದು ಪಾಲು ಒಳಗೆ ಹೋದರೆ ಒಳ್ಳೆಯದು. ಬರೀ ಅಕ್ಕಿ ಮತ್ತು ಚಟ್ನಿಯಲ್ಲಿ ಅದು ಆಗುವುದಿಲ್ಲ. ತಿಂದು ಎರಡು ಗಂಟೆಗೆ ಮತ್ತೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ, ಅಷ್ಟೇ. ಜೊತೆಗೆ ಬಡಿಸುವ ಪದಾರ್ಥದಲ್ಲಿ ಕಡ್ಲೆ, ಹೆಸರು, ತೊಗರಿ ಧಾರಾಳ ಇರಬೇಕು. ನಮ್ಮ ಕಡೆ ಜನ ತಿಂಡಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಗಸಿಯನ್ನು (ಕಾಯಿ ಮಸಾಲೆಯ ಗಟ್ಟಿ ಸಾರನ್ನು) ಮಾತ್ರ ಎರಡು ಚಮಚ ಬಡಿಸಿ ಸುಮ್ಮನಾಗುತ್ತಾರೆ. ನೀವು ಉಲ್ಟಾ ಮಾಡಿ.

ಶನಿವಾರಕ್ಕೆ ಪುಂಡಿ ಮತ್ತು ಕಡ್ಲೆ ಗಸಿ. ಹಿಟ್ಟು ಹುಳಿ ಬರಬೇಕು ಅಂತ ಇಲ್ಲದ ಕಾರಣ ಮೊದಲ ದಿನಕ್ಕೆ ಇದೇ ಸರಿ. ಒಬ್ಬರಿಗೆ ಐದು ಪುಂಡಿ ಹಿಡಿಯಿರಿ. ನಿಮ್ಮ ಮನೆಯವರೂ ಸೇರಿದರೆ 85 ಪುಂಡಿ ಬೇಕಾದೀತು. ಒಂದು ಮುಕ್ಕಾಲು ಕಿಲೋ ಬೆಳ್ತಿಗೆ (ಬಿಳಿ) ಅಕ್ಕಿ, ಎರಡು ತೆಂಗಿನಕಾಯಿ. ಶುಕ್ರವಾರ ಮಧ್ಯಾಹ್ನ ಊಟ ಆದ ಕೂಡಲೇ ಅಕ್ಕಿ ನೆನೆಹಾಕಿ, ಸಂಜೆ 5ರ ಒಳಗೆ ತರಿತರಿಯಾಗಿ ಕಡೆದುಬಿಡಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರಿನ) ಗುಡುಗು ಮಳೆ ಸಂಜೆಗೇ ಬರುವುದು, ಆಗ ಕರೆಂಟು ಇರುತ್ತದೆಂದು ನಂಬಲಾಗುವುದಿಲ್ಲ. ಕಡೆಯುವ ಕೆಲಸ ಯಾವುದನ್ನೂ ರಾತ್ರಿಗೆ ಇಟ್ಟುಕೊಳ್ಳಬೇಡಿ.

ದಪ್ಪ ತಳದ ಬಾಣಲೆಯಲ್ಲಿ ತೆಂಗಿನೆಣ್ಣೆ, ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ ಕೊಟ್ಟು, ಹಿಟ್ಟು, ಕಾಯಿತುರಿ, ಉಪ್ಪು ಹಾಕಿ ಮಗುಚಿ. ಇಷ್ಟು ಹಿಟ್ಟನ್ನು ಒಂದೇ ಸಲ ಮಗುಚುವುದು ಕೈಗೆ ಕಷ್ಟ, ಎರಡು ಪಾಲು ಮಾಡಿ. ಬಾಣಲೆಯ ಬದಿ ಬಿಟ್ಟು ಮುದ್ದೆಯಾದಾಗ ಇಳಿಸಿ. ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ. ಗುಳಿ ಇದ್ದರೆ ಹಬೆ ಒಳಗಿನವರೆಗೆ ಬೇಗ ಮುಟ್ಟುತ್ತದೆ, ಗಸಿ ನಿಲ್ಲಲೂ ಜಾಗ ಆಗುತ್ತದೆ. ಉಂಡೆ ಕಟ್ಟುವ ಕೆಲಸಕ್ಕೆ ನಾಲ್ಕು ಮಕ್ಕಳನ್ನು ಕರೆಯಿರಿ, ಸಂಕೋಚ ಬೇಡ. ಒಂದು ಸಲದ್ದು ಬೇಯಲು 20 ನಿಮಿಷ. ಮೂರ್ನಾಲ್ಕು ಸಲ ಇಳಿಸಬೇಕಾಗುತ್ತದೆ. ಇದನ್ನು ಹೊರಗಿನ ಸೌದೆ ಒಲೆಗೆ ವಹಿಸಿ, ಗ್ಯಾಸು ರಾತ್ರಿಯ ಊಟಕ್ಕೆ ಖಾಲಿ ಇರಲಿ.

ಬೆಂದ ಪುಂಡಿಯನ್ನು ಏನು ಮಾಡುತ್ತೀರಿ ಅನ್ನುವುದೇ ಇಲ್ಲಿ ದೊಡ್ಡ ವಿಷಯ. ಅನ್ನ, ಅಕ್ಕಿ ತಿಂಡಿಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ. ಕುದಿಸಿದರೂ ಸಾಯುವುದಿಲ್ಲ. ಬೆಂದ ತಿಂಡಿ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಅದು ಬೆಳೆದು ವಿಷ ಬಿಡುತ್ತದೆ. ಒಮ್ಮೆ ಬಿಟ್ಟ ವಿಷ ಬೆಳಗ್ಗೆ ಬಿಸಿ ಮಾಡಿದರೆ ಹೋಗುವುದಿಲ್ಲ. ಕಲೋತ್ಸವದ ಮುಂಚೆ 14 ಮಕ್ಕಳಿಗೆ ವಾಂತಿ ಶುರುವಾದರೆ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಆದ್ದರಿಂದ ಬಿಸಿ ಪುಂಡಿಯನ್ನು ದೊಡ್ಡ ಪಾತ್ರೆಗೆ ಸುರಿದು ಮುಚ್ಚಿಡಬೇಡಿ. ಅಗಲದ ತಟ್ಟೆಗಳಲ್ಲಿ ಒಂದೇ ಪದರವಾಗಿ ಹರಡಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಆರಿಸಿ, ಆಮೇಲೆ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿಗೆ. ಬೆಂದು ಎರಡು ಗಂಟೆಯೊಳಗೆ ಅದು ಒಳಗಿರಬೇಕು. ಕಾಯಿತುರಿ ಸೇರಿದ ತಿಂಡಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯ.

ಫ್ರಿಜ್ಜಿನಲ್ಲಿ ಆರು ಕಿಲೋ ಪುಂಡಿಗೆ ಜಾಗ ಬೇಕಲ್ಲ ಅಂತ ಕೇಳಬಹುದು. ನೀರಿನ ಬಾಟಲಿ, ತರಕಾರಿ, ಉಪ್ಪಿನಕಾಯಿ ಎಲ್ಲ ಹೊರಗೆ ಹಾಕಿ, ಮೂರು ದಿನ ಅವಕ್ಕೆ ಏನೂ ಆಗುವುದಿಲ್ಲ. ಆಗಲೂ ಸಾಲದಿದ್ದರೆ ನೆರೆಮನೆಯ ಫ್ರಿಜ್ಜು ಕೇಳಿ.

ಬೆಳಗ್ಗೆ ಅಟ್ಟಿನಳಗೆಯ ನೀರು ಚೆನ್ನಾಗಿ ಕುದಿಯಲು ಬಂದ ಮೇಲೆಯೇ ಪುಂಡಿ ಒಳಗಿಡಿ. 10-12 ನಿಮಿಷ ಸಾಕು. ಮುಚ್ಚಳಕ್ಕೆ ಒಂದು ತೆಳು ಬಟ್ಟೆ ಕಟ್ಟಿದರೆ ನೀರು ತೊಟ್ಟಿಕ್ಕಿ ಮೇಲಿನವು ಪಿಚಪಿಚ ಆಗುವುದಿಲ್ಲ.

ಗಸಿಗೆ 800 ಗ್ರಾಂ ಕಪ್ಪು ಕಡ್ಲೆಯನ್ನು ಶುಕ್ರವಾರ ಬೆಳಗ್ಗೆಯೇ ನೆನೆಹಾಕಿ, ರಾತ್ರಿ ಕುಕ್ಕರಿನಲ್ಲಿ ಉಪ್ಪು ಹಾಕಿ ಮೆತ್ತಗೆ ಬೇಯಿಸಿ. ಹುರಿದ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ, ಹುಳಿ, ಕಾಯಿ ಸೇರಿಸಿ ಮಸಾಲೆಯನ್ನು ಸಂಜೆಯೇ ನುಣ್ಣಗೆ ಕಡೆದು ಬೇರೆ ಡಬ್ಬಿಯಲ್ಲಿ ಫ್ರಿಜ್ಜಿಗಿಡಿ. ಬೆಂದ ಕಡ್ಲೆಯೂ ಆರಿದ ಮೇಲೆ ಫ್ರಿಜ್ಜಿಗೆ. ಎರಡನ್ನೂ ಸೇರಿಸುವುದು ಬೆಳಗ್ಗೆಯೇ. ಕಾಯಿ ಮಸಾಲೆ ಸೇರಿಸಿದ ಗಸಿ ನಮ್ಮ ಸೆಕೆಗೆ ಹಳಸುವಷ್ಟು ಬೇಗ ಬೇರೇನೂ ಹಳಸುವುದಿಲ್ಲ. ಬೆಳಗ್ಗೆ ಹತ್ತು ನಿಮಿಷ ಕೊತಕೊತ ಕುದಿಸಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಈ ಲೆಕ್ಕದಲ್ಲಿ ಒಬ್ಬನಿಗೆ 55 ಗ್ರಾಂನಷ್ಟು ಒಣ ಕಡ್ಲೆ ಬಿದ್ದಂತಾಯಿತು, ಅದರಿಂದ 11 ಗ್ರಾಂ ಪ್ರೋಟೀನು. ಪುಂಡಿಯ ಅಕ್ಕಿಯಿಂದ ಇನ್ನೊಂದು ಏಳೆಂಟು ಗ್ರಾಂ. ಬೆಳಗ್ಗಿನ ಪಾಲಿಗೆ ಧಾರಾಳ ಸಾಕು.

ಬಡಿಸುವಾಗ ಗಸಿಗೆ ಲಿಂಬೆ ಹಿಂಡಿ. ಲಿಂಬೆಯ ಸಿ ವಿಟಮಿನ್ ಇದ್ದರೆ ಕಡ್ಲೆಯ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಈ ಪ್ರಾಯದ ಹುಡುಗಿಯರಿಗೆ ಅದು ಮುಖ್ಯ. ಚಾ ಅದನ್ನು ತಡೆಯುತ್ತದೆ. ತಿಂಡಿಯ ಜೊತೆ ಚಾ ಬೇಡ, ಕೊತ್ತಂಬರಿ-ಜೀರಿಗೆ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ಕೊಡಿ. ಪುಡಿ ಮೊದಲೇ ಮಾಡಿಟ್ಟರೆ ಅದಕ್ಕೆ ಕೆಲಸವೇ ಇಲ್ಲ. ಹುಡುಗಿಯರ ಬಗ್ಗೆ ಇನ್ನೊಂದು ಮಾತು. ಹುಡುಗರು ಎದುರಿಗೆ ಕೂತಿದ್ದರೆ ಅವರು ಎರಡು ತಿಂದು ಸಾಕು ಅನ್ನುತ್ತಾರೆ. ಅವರ ಪಂಕ್ತಿಗೆ ಪಾತ್ರೆಯನ್ನೇ ಇಟ್ಟುಬಿಡಿ, ಕೇಳಿ ಬಡಿಸಬೇಡಿ. ತೋಟದಲ್ಲಿ ಬಾಳೆ ಎಲೆ ಇರುತ್ತದಲ್ಲ, ಎಲೆಯಲ್ಲೇ ಬಡಿಸಿದರೆ ತಟ್ಟೆ ತೊಳೆಯುವ ಕೆಲಸ ಉಳಿಯಿತು.

ಭಾನುವಾರಕ್ಕೆ ಬಾಳೆ ಎಲೆಯ ಕೊಟ್ಟಿಗೆ, ಅಂದರೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಕಡುಬು. ರಾತ್ರಿ ಮಾಡಿ ಬೆಳಗ್ಗೆ ತಿನ್ನಲೆಂದೇ ಹುಟ್ಟಿದ ತಿಂಡಿ ಇದು ಅಂತ ನನ್ನ ಅಭಿಪ್ರಾಯ. ಎಲೆಯೊಳಗೇ ಇರುವುದರಿಂದ ಒಣಗುವುದಿಲ್ಲ, ಯಾರ ಕೈಯೂ ತಾಗುವುದಿಲ್ಲ, ಒಂದರ ಮೇಲೊಂದು ಪೇರಿಸಬಹುದು. ಹಿಟ್ಟು ಹುಳಿ ಬಂದಿರುವ ಕಾರಣ ಪುಂಡಿಯಷ್ಟು ಬೇಗ ಕೆಡುವುದಿಲ್ಲ. ಹಿರಿಯರು ಫ್ರಿಜ್ಜಿಲ್ಲದೆಯೇ ಮರುದಿನ ತಿನ್ನುತ್ತಿದ್ದದ್ದು ಇದೇ ಧೈರ್ಯದಲ್ಲಿ. ಆದರೂ ಮಕ್ಕಳು ಬೇರೆ ಮನೆಯವರು. ಜಾಗ ಇದ್ದರೆ ಒಳಗಿಡಿ. ಇಲ್ಲದಿದ್ದರೆ ಪೂರ್ತಿ ಆರಿಸಿ, ಗಾಳಿಯಾಡುವ ಬುಟ್ಟಿಯಲ್ಲಿಡಿ, ಬೆಳಗ್ಗೆ ತಪ್ಪದೆ ಹಬೆಗೇರಿಸಿ.

ಒಂದೂವರೆ ಕಿಲೋ ಅಕ್ಕಿಗೆ 600 ಗ್ರಾಂ ಉದ್ದು. ಶುಕ್ರವಾರ ರಾತ್ರಿ ನೆನೆಹಾಕಿ ಶನಿವಾರ ಬೆಳಗ್ಗೆ, ಮಕ್ಕಳು ಅಭ್ಯಾಸಕ್ಕೆ ಇಳಿದ ಮೇಲೆ ಕಡೆಯಿರಿ. ಉದ್ದು ನುಣ್ಣಗೆ ಉಬ್ಬಿ ಬರಬೇಕು, ಅಕ್ಕಿ ಸಣ್ಣ ತರಿ ಇರಲಿ, ಹಿಟ್ಟು ಇಡ್ಲಿಯದಕ್ಕಿಂತ ತುಸು ಗಟ್ಟಿ. ನಮ್ಮ ಹವೆಗೆ ಏಳೆಂಟು ಗಂಟೆಯಲ್ಲಿ ಹುಳಿ ಬರುತ್ತದೆ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಇಷ್ಟು ಹಿಟ್ಟು ಉಕ್ಕಿದರೆ ನೆಲವೆಲ್ಲ ಹಿಟ್ಟೇ. ಮಳೆ ಬಂದು ತಂಪಾದ ದಿನ ಹಿಟ್ಟು ಏಳದಿದ್ದರೆ ಪಾತ್ರೆಯನ್ನು ಸೌದೆ ಒಲೆಯ ಪಕ್ಕ, ತಾಗದ ಹಾಗೆ ಇಡಿ.

ಎಲೆಯನ್ನು ಕೆಂಡದ ಮೇಲೆ ಬಾಡಿಸಿಕೊಳ್ಳಿ, ಇಲ್ಲದಿದ್ದರೆ ಮಡಚುವಾಗ ಹರಿಯುತ್ತದೆ. ಒಂದಕ್ಕೆ ಎರಡು ಸೌಟು ಹಿಟ್ಟು. ಮಡಚಿದ ಬದಿ ಕೆಳಗೆ ಬರುವಂತೆ ಅಟ್ಟಿನಳಗೆಯಲ್ಲಿ ಸಡಿಲವಾಗಿ ಜೋಡಿಸಿ, ಒತ್ತಿ ತುಂಬಿದರೆ ನಡುವಿನವು ಬೇಯುವುದಿಲ್ಲ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಒಟ್ಟು 50ರ ಹತ್ತಿರ ಕೊಟ್ಟಿಗೆ ಆಗುತ್ತದೆ, ಒಬ್ಬರಿಗೆ ಮೂರು ನಿಶ್ಚಿಂತೆಯಿಂದ ಬರುತ್ತದೆ. ಹಿತ್ತಲಲ್ಲಿ ಅರಿಶಿನ ಗಿಡ ಇದ್ದರೆ ಬಾಳೆ ಎಲೆಯೊಳಗೆ ಒಂದು ತುಂಡು ಅರಿಶಿನ ಎಲೆ ಇಡಿ. ಬೆಳಗ್ಗೆ ಬಿಚ್ಚುವಾಗ ಪರಿಮಳಕ್ಕೇ ನಾಲ್ಕನೆಯದು ಕೇಳುತ್ತಾರೆ. ಮರುಬಿಸಿಗೆ 15 ನಿಮಿಷ.

ಜೊತೆಗೆ ಸೌತೆಕಾಯಿ ಸಾಂಬಾರು. ಅರ್ಧ ಕಿಲೋ ತೊಗರಿಬೇಳೆ ಹಾಕಿ, ನೀರು ನೀರು ಮಾಡಬೇಡಿ. ರಾತ್ರಿ ಬೇಳೆ ಸೌತೆ ಬೇಯಿಸಿ ಮಸಾಲೆ ಬೇರೆ ಇಡುವ ಕ್ರಮ ಗಸಿಯದ್ದೇ. ಸಿಹಿ ಬೇಕೆನ್ನುವವರಿಗೆ ಬೆಲ್ಲಸುಳಿ. ಕಾಯಿಯನ್ನು ಮೊದಲೇ ತುರಿದು ಫ್ರೀಜರಿನಲ್ಲಿ ಇಟ್ಟಿದ್ದರೆ ಬೆಳಗ್ಗೆ ಬೆಲ್ಲ ಕಲಸಿದರಾಯಿತು. ಕಾಯಿಚಟ್ನಿ ಮಾಡುವ ಮನಸ್ಸಿದ್ದರೆ ಅದೂ ಈ ತುರಿಯಿಂದಲೇ, ಬೆಳಗ್ಗೆಯೇ. ರಾತ್ರಿ ಕಡೆದ ಕಾಯಿಚಟ್ನಿ ಬೇಡವೇ ಬೇಡ.

ಕೊಟ್ಟಿಗೆ ಉಳಿದರೆ ಬಿಲ್ಲೆ ಕತ್ತರಿಸಿ ತೆಂಗಿನೆಣ್ಣೆಯಲ್ಲಿ ಕಾವಲಿಗೆ ಹಾಕಿ ಎರಡೂ ಬದಿ ಕೆಂಪಗೆ ಮಾಡಿ, ಚಟ್ನಿಪುಡಿ ಉದುರಿಸಿ 10 ಗಂಟೆಯ ವಿರಾಮಕ್ಕೆ ಕೊಡಿ. ಉಳಿಯುವುದು ಸಂಶಯ.

ಸೋಮವಾರ ಶಾಲೆ ಇದೆ, ಎಲ್ಲರಿಗೂ ಅವಸರ. ಅಂದು ಬನ್ಸ್, ಅಂದರೆ ಬಾಳೆಹಣ್ಣು ಹಾಕಿದ ಸಿಹಿ ಪೂರಿ. ಎರಡು ಕಿಲೋ ಹಿಟ್ಟು, ಅರ್ಧ ಮೈದಾ, ಅರ್ಧ ಗೋಧಿ. ಕಪ್ಪು ಚುಕ್ಕೆ ಬಿದ್ದ, ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಸಣ್ಣದಾದರೆ 16. ಕಾಲು ಕಿಲೋ ಸಕ್ಕರೆ, ಎರಡು ಲೋಟ ಹುಳಿ ಮೊಸರು, ಜೀರಿಗೆ, ಉಪ್ಪು, ಎರಡು ಸಣ್ಣ ಚಮಚ ಸೋಡಾ. ನೀರು ಒಂದು ಹನಿಯೂ ಬೇಡ, ಹಣ್ಣು ಮೊಸರಿನ ಪಸೆಯಲ್ಲೇ ಕಲಸಬೇಕು. ಭಾನುವಾರ ರಾತ್ರಿ ಕಲಸಿ, ಮೇಲೆ ಎಣ್ಣೆ ಸವರಿ ಮುಚ್ಚಿಡಿ. ಬೆಳಗ್ಗೆ ಹಿಟ್ಟು ಸಡಿಲವಾಗಿರುತ್ತದೆ, ಗಾಬರಿ ಬೇಡ, ಲಟ್ಟಿಸುವಾಗ ಒಣಹಿಟ್ಟು ಮುಟ್ಟಿಸಿಕೊಳ್ಳಿ. ಚಪಾತಿಗಿಂತ ದಪ್ಪ ಇರಲಿ. ಇಬ್ಬರು ಮಕ್ಕಳು ಲಟ್ಟಿಸಿ, ನೀವು ಒಂದು ಸಲಕ್ಕೆ ನಾಲ್ಕರಂತೆ ಎಣ್ಣೆಯಲ್ಲಿ ಕಾಯಿಸಿದರೆ 60 ಬನ್ಸ್‌ಗೆ ಅರ್ಧ ಗಂಟೆ ಚಿಲ್ಲರೆ. ಹಾಗಾದರೆ ಪೂರಿಗೆ ಬೇಡ ಅಂದದ್ದೇಕೆ? ಪೂರಿ ಆರಿದರೆ ಚರ್ಮ, ಬನ್ಸ್ ಆರಿದರೂ ಮೆತ್ತಗೇ ಇರುತ್ತದೆ, ಬುತ್ತಿಗೂ ಆಗುತ್ತದೆ. ಬೆಳಗ್ಗೆ ಏಳುವ ಧೈರ್ಯ ಇಲ್ಲದಿದ್ದರೆ ಭಾನುವಾರ ಬೆಳಗ್ಗೆಯೇ ಕಲಸಿ ರಾತ್ರಿ ಕಾಯಿಸಿಟ್ಟರೂ ನಡೆಯುತ್ತದೆ, ಬೆಳಗ್ಗೆ ಬೆಚ್ಚಗಿನ ಕಾವಲಿಗೆ ಒಮ್ಮೆ ತಾಗಿಸಿ ಕೊಡಿ.

ಬನ್ಸ್ ಬರೀ ಸಿಹಿ ಮತ್ತು ಹಿಟ್ಟು. ಅದರ ಜೊತೆ ಹೆಸರುಕಾಳಿನ ಉಸ್ಲಿ ಕಡ್ಡಾಯ ಅಂತ ಇಟ್ಟುಕೊಳ್ಳಿ. 700 ಗ್ರಾಂ ಹೆಸರು ನೆನೆಸಿ, ಭಾನುವಾರ ರಾತ್ರಿ ಕಾಳು ಒಡೆಯದಂತೆ ಬೇಯಿಸಿ, ಆರಿಸಿ ಫ್ರಿಜ್ಜಿಗಿಡಿ. ಬೆಳಗ್ಗೆ ಒಗ್ಗರಣೆ, ಕಾಯಿತುರಿ, ಲಿಂಬೆ. ಮೊಟ್ಟೆ ತಿನ್ನುವ ಮಕ್ಕಳು ಯಾರು ಅಂತ ತಂದೆತಾಯಂದಿರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ನಿಮ್ಮ ಮನೆಗೆ ಮೊಟ್ಟೆ ಆಗುವುದಾದರೆ ರಾತ್ರಿ ಬೇಯಿಸಿ ಸಿಪ್ಪೆ ಸಹಿತ ಫ್ರಿಜ್ಜಿಗಿಡಬಹುದು. ಒಂದರಲ್ಲಿ 6 ಗ್ರಾಂ ಪ್ರೋಟೀನು ಬಂತು. ಆಗದಿದ್ದರೆ ಅದಕ್ಕಾಗಿ ಕೊರಗುವುದು ಬೇಡ, ಉಸ್ಲಿ ಇನ್ನೊಂದು ಸೌಟು ಬಡಿಸಿ.

ಶ್ಯಾವಿಗೆ ಬಿಟ್ಟದ್ದು ಯಾಕೆ ಅಂತ ಅತ್ತೆಯವರು ಕೇಳಿಯಾರು. ಒತ್ತುಶ್ಯಾವಿಗೆ ರಾತ್ರಿ ಮಾಡಿ ಬೆಳಗ್ಗೆ ಒಗ್ಗರಣೆ ಹಾಕಲು ಬಹಳ ಚಂದ, ಆದರೆ ಅಷ್ಟು ಒತ್ತುವ ಕೈ ನಿಮ್ಮಿಬ್ಬರಲ್ಲಿ ಇಲ್ಲ. ಭಾನುವಾರ ಸಂಜೆ ಹುಡುಗರಿಗೆ ಬಿಡುವಿದ್ದರೆ ಮಣೆಯ ಮುಂದೆ ನಿಲ್ಲಿಸಿ ನೋಡಿ, ಪಂಥಕ್ಕೆ ಬಿದ್ದು ಒತ್ತುತ್ತಾರೆ. ಆಗ ಬನ್ಸ್ ಬದಲು ಅದೇ ಆಗಲಿ.

ಸಮಯದ ವಿಷಯ. 7ಕ್ಕೆ ಅಭ್ಯಾಸ ಅಂದರೆ 6:15ಕ್ಕೆ ಎಲೆ ಹಾಕಿ. ಐದು ಪುಂಡಿ ತಿಂದ ಕೂಡಲೇ ಧಿಗಿಣ (ಯಕ್ಷಗಾನದ ಸುತ್ತು ಜಿಗಿತ) ಹಾರಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಮೊದಲ ಅರ್ಧ ಗಂಟೆ ಮಾತಿನ ಅಭ್ಯಾಸ ಇಟ್ಟು, ಕುಣಿತ ಆಮೇಲೆ ಇಡಬಹುದೇ ಅಂತ ಗುರುಗಳನ್ನು ಕೇಳಿ. 10 ಗಂಟೆಗೆ ಸಿಪ್ಪೆ ಸಹಿತ ಹಬೆಯಲ್ಲಿ ಬೇಯಿಸಿದ ನೇಂದ್ರ ಬಾಳೆಹಣ್ಣು ಒಂದೊಂದು ಕೊಟ್ಟರೆ ಮಧ್ಯಾಹ್ನದವರೆಗೆ ಅಡುಗೆಮನೆಗೆ ಯಾರೂ ಇಣುಕುವುದಿಲ್ಲ.

ಇನ್ನು, 14 ಅಂದದ್ದು ಬೆಳಗ್ಗೆ 18 ಆಗುವುದು ಇಂಥ ಕಡೆ ಮಾಮೂಲು. ಚೆಂಡೆ ಮದ್ದಳೆಯವರು, ಬಿಡಲು ಬಂದ ಅಪ್ಪಂದಿರು, ಹೀಗೆ. ಅದಕ್ಕೆ ಒಂದು ಕಿಲೋ ತೆಳು ಅವಲಕ್ಕಿ ತಂದಿಡಿ. ಮೆಣಸು, ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ ಡಬ್ಬಿಯಲ್ಲಿರಲಿ. ಕಾಯಿತುರಿ, ಬೆಲ್ಲ, ಉಪ್ಪು, ಈ ಪುಡಿ ಸೇರಿಸಿ ಕೈಯಲ್ಲಿ ಚೆನ್ನಾಗಿ ಹಿಚುಕಿ, ಅದಕ್ಕೆ ಅವಲಕ್ಕಿ ಹಾಕಿ ಕಲಸಿ, ಮೇಲಿಂದ ತೆಂಗಿನೆಣ್ಣೆಯ ಒಗ್ಗರಣೆ. ಹತ್ತು ನಿಮಿಷದಲ್ಲಿ ಬಜಿಲ್ ತಯಾರು. ಮೊದಲೇ ಕಲಸಿಡಬೇಡಿ, ಅವಲಕ್ಕಿ ಮುದ್ದೆಯಾಗುತ್ತದೆ. ಹೆಚ್ಚಿಗೆ ಬಂದ ನಾಲ್ಕು ಮಂದಿಗೆ ಪುಂಡಿ ಎರಡೆರಡು ಕಡಿಮೆಯಾದರೂ ಬಜಿಲ್ ಮತ್ತು ಗಸಿಯಲ್ಲಿ ಸರಿಹೋಗುತ್ತದೆ. ಅದಕ್ಕೇ ಗಸಿಯ ಕಡ್ಲೆಯನ್ನು 800 ಗ್ರಾಂ ಅಂದದ್ದು ಒಂದು ಕಿಲೋಗೇ ಏರಿಸಿಬಿಡಿ.